ಮೇಜಿನ ಹೊಟ್ಟೆಯೊಳಗೆ ಕಂಪ್ಯೂಟರ್: ಕೂರಿಸುವುದು ಹೇಗೆ, ಮತ್ತೆ ತೆಗೆಯುವುದು ಹೇಗೆ

ನಾನು ಮೊದಲ ಸಲ ಕಂಪ್ಯೂಟರನ್ನು ಮರದ ಮೇಜಿನೊಳಗೆ ಕೂರಿಸಿದಾಗ ಎಲ್ಲವೂ ಸರಿಯಾಗಿದೆ ಎಂದೇ ನಂಬಿದ್ದೆ. ಪರದೆಯ ಮೇಲೆ ಕಾಣುತ್ತಿದ್ದ ಉಷ್ಣಾಂಶ ಸ್ವಲ್ಪ ಜಾಸ್ತಿ ಅನ್ನಿಸಿದರೂ ಮಿತಿ ದಾಟಿರಲಿಲ್ಲ. ನಾಲ್ಕನೇ ದಿನ ಅದರ ಮೇಲಿನ ಡ್ರಾಯರ್ ಎಳೆದೆ. ಮಗಳ ಮೇಣದ ಬಣ್ಣದ ಕಡ್ಡಿಗಳು ಡಬ್ಬಿಯೊಳಗೇ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನೀಲಿ ಕಡ್ಡಿಯ ಮೈಮೇಲೆ ಹಳದಿಯದರ ಅಚ್ಚು ಮೂಡಿತ್ತು. ಡ್ರಾಯರಿನ ತಳ ಮುಟ್ಟಿದರೆ ಈಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯಷ್ಟು ಬಿಸಿ.

ಸರಿ, ಒಂದು ಫ್ಯಾನಿನ ದಿಕ್ಕು ಬದಲಿಸೋಣ ಎಂದು ಹೊರಟರೆ, ಹಿಂಬದಿಯ ಹಲಗೆಗೆ ನಾನೇ ಅಂಟು ಹಾಕಿ ಕೂರಿಸಿಬಿಟ್ಟಿದ್ದೆ. ಒಳ್ಳೆಯ ಮೇಜೊಂದರ ಬೆನ್ನನ್ನು ಗರಗಸದಿಂದ ಕೊಯ್ಯಬೇಕಾಯಿತು.

ಆ ಮೇಜು ಕಲಿಸಿದ್ದನ್ನೇ ಈ ಬರಹದಲ್ಲಿ ಹಂತಹಂತವಾಗಿ ಹೇಳುತ್ತೇನೆ. ಒಳ್ಳೆಯ ಮೇಜು ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಅದರೊಳಗಿನ ಕಂಪ್ಯೂಟರ್ ಐದಾರು ವರ್ಷಕ್ಕೆ ಹಳತಾಗುತ್ತದೆ, ನಡುವೆ ಹತ್ತಾರು ಸಲ ಬಿಚ್ಚಿಸಿಕೊಳ್ಳುತ್ತದೆ. ಹಾಗಾಗಿ ಕಂಪ್ಯೂಟರನ್ನು ಮೇಜಿಗೆ ನೇರವಾಗಿ ಜೋಡಿಸಬೇಡಿ. ಒಂದು ಟ್ರೇಗೆ ಜೋಡಿಸಿ, ಆ ಟ್ರೇಯನ್ನು ಮೇಜಿಗೆ ಜೋಡಿಸಿ. ಮುಂದೆ ಬರುವ ಅಳತೆಗಳೆಲ್ಲ ಇದೊಂದು ತೀರ್ಮಾನದ ಮೇಲೆ ನಿಂತಿವೆ.

ಕಂಪ್ಯೂಟರ್ ಮತ್ತು ಪೀಠೋಪಕರಣದ ನೆಂಟಸ್ತಿಕೆ ಹೊಸದೇನಲ್ಲ. 1976ರಲ್ಲಿ ಬಂದ ಕ್ರೇ-1 ಸೂಪರ್‌ಕಂಪ್ಯೂಟರಿನ ಬುಡದ ಸುತ್ತ ಮೆತ್ತೆ ಹಾಕಿದ ಬೆಂಚು ಇತ್ತು. ಅದರ ಪವರ್ ಸಪ್ಲೈಗಳೆಲ್ಲ ಇದ್ದದ್ದು ಆ ಬೆಂಚಿನ ಕೆಳಗೆ. ಅದೇ ವರ್ಷದ ಆಪಲ್-1 ಬರೀ ಸರ್ಕ್ಯೂಟ್ ಬೋರ್ಡಾಗಿ ಮಾರಾಟವಾಯಿತು, ಪೆಟ್ಟಿಗೆ ಕೊಂಡವರ ಜವಾಬ್ದಾರಿ. ಕೆಲವರು ಮರದ ಪೆಟ್ಟಿಗೆಯನ್ನೇ ಮಾಡಿಸಿಕೊಂಡರು.

ಮೊದಲು ಅಳತೆ

ನಾನಿಲ್ಲಿ ವಿವರಿಸುವುದು ಬರೆಯುವ ಮೇಜಿನ ಪಕ್ಕದ ಕಪಾಟಿನೊಳಗೆ, ಅಂದರೆ ಕಾಲಿನ ಪಕ್ಕಕ್ಕೆ ಬಾಗಿಲಿರುವ ಖಾನೆಯೊಳಗೆ, ಎಳೆದು ತೆಗೆಯುವ ಟ್ರೇ ಮೇಲೆ ಕಂಪ್ಯೂಟರ್ ಕೂರಿಸುವ ಕ್ರಮ. ಮೇಜಿನ ಮೇಲ್ಹಲಗೆಯನ್ನೇ ಗಾಜು ಮಾಡಿ ಒಳಗೆಲ್ಲ ಕಾಣುವಂತೆ ಮಾಡುವ ವಿಧಾನವೂ ಇದೆ. ನೋಡಲು ಚೆಂದ. ಆದರೆ ಪ್ರತಿ ಸಲ ಒಳಗೆ ಕೈ ಹಾಕಬೇಕಾದಾಗ ಮೇಲಿರುವ ಮಾನಿಟರ್, ಪುಸ್ತಕ, ದೀಪ ಎಲ್ಲ ಎತ್ತಿಡಬೇಕು. ಮೊದಲ ಪ್ರಯತ್ನಕ್ಕೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಮಾಡಲೇಬೇಕು ಎನ್ನುವವರು ಒಂದು ಮಾತು ನೆನಪಿಡಿ: ಟೆಂಪರ್ಡ್ ಗಾಜನ್ನು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜನ್ನು, ಟೆಂಪರ್ ಮಾಡಿದ ಮೇಲೆ ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಅಳತೆ, ತೂತು ಎಲ್ಲವನ್ನೂ ಮೊದಲೇ ನಿರ್ಧರಿಸಿ ಹೇಳಬೇಕು.

ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಎಲ್ಲ ಕಡೆಯೂ ನಿಗದಿತ ಅಳತೆಗಳಿವೆ, ಅದೊಂದು ಅನುಕೂಲ. ಪೂರ್ತಿ ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244 × 244, ಮಿನಿ-ಐಟಿಎಕ್ಸ್ 170 × 170. ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಒದಗಿಸುವ ಪವರ್ ಸಪ್ಲೈ ಡಬ್ಬಿ) 150 ಮಿ.ಮೀ. ಅಗಲ, 86 ಎತ್ತರ, ಉದ್ದ 140 ಅಥವಾ ಅದಕ್ಕಿಂತ ಹೆಚ್ಚು. ಸಣ್ಣ ಎಸ್‌ಎಫ್‌ಎಕ್ಸ್ ಆದರೆ 125 × 63.5 × 100. ಮೇಜಿನೊಳಗೆ ಮೈಕ್ರೋ ಎಟಿಎಕ್ಸ್ ಹದವಾದ ಆಯ್ಕೆ. ಮಿನಿ-ಐಟಿಎಕ್ಸ್ ಜಾಗ ಉಳಿಸುತ್ತದೆ ನಿಜ, ಆದರೆ ಮೇಜಿನಲ್ಲಿ ಕೊರತೆ ಬೀಳುವುದು ಜಾಗಕ್ಕಲ್ಲ, ಗಾಳಿಗೆ.

ಎತ್ತರದ ಲೆಕ್ಕ ಹೀಗೆ. ಟ್ರೇ ಹಲಗೆ 18 ಮಿ.ಮೀ., ಅದರ ಮೇಲೆ ಲೋಹದ ಪ್ಲೇಟ್ 2, ಬೋರ್ಡನ್ನು ತುಸು ಎತ್ತಿ ಹಿಡಿಯುವ ಪುಟ್ಟ ಲೋಹದ ಕಾಲು, ಅಂದರೆ ಸ್ಟ್ಯಾಂಡ್‌ಆಫ್, ಸುಮಾರು 6.5, ಬೋರ್ಡಿನ ದಪ್ಪ 1.6, ಮೇಲೆ ಗೋಪುರದಂಥ ಸಿಪಿಯು ಕೂಲರ್ 155ರಿಂದ 160. ಕೂಡಿದರೆ 188 ಆಯಿತು. ಮೇಲೆ ಗಾಳಿಯಾಡಲು ಕನಿಷ್ಠ 30 ಬಿಡಿ. ಅಂದರೆ ಟ್ರೇ ಕೆಳಗಿನ ಸಂದನ್ನೂ ಸೇರಿಸಿ ಒಳ ಎತ್ತರ 230 ಮಿ.ಮೀ.ಗಿಂತ ಕಡಿಮೆ ಇದ್ದರೆ ಚಿಕ್ಕ ಕೂಲರ್ ಹುಡುಕಬೇಕು. ಗ್ರಾಫಿಕ್ಸ್ ಕಾರ್ಡ್ ನಿಲ್ಲುವ ಎತ್ತರದ ಜೊತೆಗೆ ಅದರ ಪವರ್ ಕೇಬಲ್ ಬಾಗಲು ಬೇಕಾದ ಜಾಗವನ್ನೂ ಸೇರಿಸಿ. ಹೊಸ ಹದಿನಾರು ಪಿನ್ನಿನ ಪ್ಲಗ್ ಆದರೆ ಕೇಬಲ್ ಬುಡದಿಂದ ಸುಮಾರು 35 ಮಿ.ಮೀ. ನೇರವಾಗಿ ಬಂದು ಆಮೇಲೆ ಬಾಗಬೇಕು. ಬುಡದಲ್ಲೇ ಮುರಿದು ಬಾಗಿಸಿದರೆ ಪಿನ್ ಸರಿಯಾಗಿ ಕೂರದೆ ಬಿಸಿಯಾಗುತ್ತದೆ.

ಅಗಲಕ್ಕೆ ಬಂದರೆ, ಪಕ್ಕಕ್ಕೆ ಕೂರಿಸುವ ಬಾಲ್ ಬೇರಿಂಗ್ ಚಾನೆಲ್‌ಗಳು (ಟ್ರೇ ಜಾರುವ ಲೋಹದ ಹಳಿಗಳು) ಒಂದೊಂದು ಕಡೆ 12.7 ಮಿ.ಮೀ. ಕೇಳುತ್ತವೆ. ಖಾನೆಯ ಒಳ ಅಗಲ 400 ಇದ್ದರೆ ಟ್ರೇ 374. ಇದರಲ್ಲಿ 244ರ ಬೋರ್ಡ್ ಕೂತ ಮೇಲೆ ಪಕ್ಕದಲ್ಲಿ 130 ಉಳಿಯುತ್ತದೆ. ಎಸ್‌ಎಂಪಿಎಸ್ಸನ್ನು ಮಲಗಿಸದೆ ಅಡ್ಡಕ್ಕೆ ನಿಲ್ಲಿಸಿದರೆ 86ರಲ್ಲೇ ಮುಗಿಯಿತು.

ಆಳವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಹಿಂದೆ ಪ್ಲಗ್‌ಗಳಿಗೆ 60 ಮಿ.ಮೀ., ಗ್ರಾಫಿಕ್ಸ್ ಕಾರ್ಡಿಗೆ 300, ಮುಂದಿನ ಫ್ಯಾನಿಗೆ 25, ಫ್ಯಾನ್ ಕೂರುವ ಹಲಗೆಗೆ 18, ಆ ಹಲಗೆಗೂ ಬಾಗಿಲಿಗೂ ನಡುವೆ ಗಾಳಿ ಏರಿ ಬರಲು 90. ಇದು 493. ಬೆರಳಾಡಲು ಜಾಗ ಬೇಕಲ್ಲ, 550 ಇದ್ದರೆ ಕೆಲಸ ನಿರಾಳ.

ಬಿಡಿಭಾಗಗಳನ್ನು ಕೊಳ್ಳುವ ಮೊದಲೇ ಈ ಅಳತೆಗಳಲ್ಲಿ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಮೇಜಿನೊಳಗೆ ಇಟ್ಟು ನೋಡಿ. ಒಂದು ಸಂಜೆಯ ಕೆಲಸ. ಕಾಗದದ ಮೇಲಿನ ಲೆಕ್ಕದಲ್ಲಿ ಕಾಣದ ತೊಡಕು, ಉದಾಹರಣೆಗೆ ಬಾಗಿಲಿನ ಹಿಂಜು ಒಳಗೆ ಚಾಚಿ ಟ್ರೇಗೆ ತಾಗುವುದು, ರಟ್ಟು ಇಟ್ಟಾಗಲೇ ಕಣ್ಣಿಗೆ ಬೀಳುತ್ತದೆ.

ಗಾಳಿಯ ದಾರಿ

ಇದು ಇಡೀ ಕೆಲಸದ ಜೀವ. ತಗಡಿನ ಕೇಸ್ ತನ್ನ ಮೈಯಿಂದಲೂ ಅಷ್ಟಿಷ್ಟು ಶಾಖ ಬಿಟ್ಟುಕೊಡುತ್ತದೆ. ಮರ ಹಾಗಲ್ಲ, ಉಕ್ಕು ಮರಕ್ಕಿಂತ ನೂರಾರು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. 18 ಮಿ.ಮೀ. ಪ್ಲೈವುಡ್ ಎಂದರೆ ಕಂಪ್ಯೂಟರಿಗೆ ಕಂಬಳಿ ಹೊದಿಸಿದ ಹಾಗೆ. ಒಳಗೆ ಹುಟ್ಟಿದ ಶಾಖವೆಲ್ಲ ಗಾಳಿಯ ಜೊತೆಗೇ ಹೊರಗೆ ಹೋಗಬೇಕು.

ಎಷ್ಟು ಗಾಳಿ? ಲೆಕ್ಕ ಕಷ್ಟವಿಲ್ಲ. ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಸುಮಾರು 1200 ಜೂಲ್ ಬೇಕು. ನಿಮ್ಮ ಕಂಪ್ಯೂಟರ್ ಜೋರು ಕೆಲಸದಲ್ಲಿ 300 ವ್ಯಾಟ್ ಎಳೆಯುತ್ತದೆ ಎಂದರೆ ಸೆಕೆಂಡಿಗೆ 300 ಜೂಲ್ ಶಾಖ ಹುಟ್ಟುತ್ತಿದೆ ಎಂದರ್ಥ. ಹೊರಬೀಳುವ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಯಷ್ಟೇ ಬಿಸಿಯಾಗಿರಲಿ ಎಂದು ಬಯಸಿದರೆ ಸೆಕೆಂಡಿಗೆ 0.025 ಘನ ಮೀಟರ್, ಗಂಟೆಗೆ 90 ಘನ ಮೀಟರ್ ಗಾಳಿ ಸಾಗಬೇಕು. ಫ್ಯಾನ್ ಡಬ್ಬಿಯ ಮೇಲೆ ಬರೆಯುವ ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಲೆಕ್ಕದಲ್ಲಿ ಅದು ಸುಮಾರು 53. ಒಂದು 120 ಮಿ.ಮೀ. ಫ್ಯಾನ್ ಅಷ್ಟು ಕೊಡುತ್ತದಲ್ಲ ಅನ್ನಿಸಬಹುದು. ಡಬ್ಬಿಯ ಮೇಲಿನ ಅಂಕಿ ಎದುರಿಗೆ ಏನೂ ಅಡ್ಡ ಇಲ್ಲದಾಗಿನದು. ಜಾಲರಿ, ದೂಳಿನ ಫಿಲ್ಟರ್, ಒಂದು ತಿರುವು ಸೇರಿದರೆ ಅದು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅದಕ್ಕೇ ಒಳಗೆಳೆಯಲು ಎರಡು, ಹೊರದಬ್ಬಲು ಎರಡು ಫ್ಯಾನ್ ಇಟ್ಟು ನಿಧಾನಕ್ಕೆ ಓಡಿಸಿ. ಒಂದೇ ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ ಸದ್ದೂ ಕಡಿಮೆ.

ಗಾಳಿ ಮುಂದಿನಿಂದ, ಕೆಳಗಿನಿಂದ ಬರಲಿ. ಹಿಂದಿನಿಂದ, ಮೇಲಿನಿಂದ ಹೋಗಲಿ. ಬಾಗಿಲಿಗೆ ತೂತು ಮಾಡಲು ಮನಸ್ಸಾಗುವುದಿಲ್ಲ, ನನಗೂ ಆಗಲಿಲ್ಲ. ಅದರ ಬದಲು ಖಾನೆಯ ತಳದ ಹಲಗೆಯಲ್ಲಿ, ಬಾಗಿಲಿನ ಹಿಂದೆಯೇ, ಅಡ್ಡಕ್ಕೆ 370 × 90 ಮಿ.ಮೀ. ಸೀಳು ತೆಗೆದು ಜಾಲರಿ ಹಾಕಿ. 120 ಮಿ.ಮೀ. ಫ್ಯಾನಿನ ಬಾಯಿ ಸುಮಾರು 113 ಚದರ ಸೆಂ.ಮೀ. ಎರಡಕ್ಕೆ 226. ಸೀಳು 333 ಚದರ ಸೆಂ.ಮೀ. ಆದರೂ ಜಾಲರಿಯ ತಂತಿ ತಿಂದು ಉಳಿದ ತೆರಪು ಶೇಕಡಾ 70 ಎಂದರೆ 233. ಕರಾರುವಾಕ್ಕಾಗಿ ಸಾಕು. ಮೇಜಿನ ಈ ಭಾಗ ನೆಲಕ್ಕೆ ಅಂಟಿಕೊಂಡಿದ್ದರೆ ಕೆಳಗೆ ಮರದ ತುಂಡು ಕೊಟ್ಟು ಕನಿಷ್ಠ 40 ಮಿ.ಮೀ. ಎತ್ತರಿಸಿ, ನಾಲ್ಕೂ ಕಡೆಯಿಂದ ಗಾಳಿ ನುಗ್ಗುವಂತಿರಲಿ.

ಇನ್ನು ನನ್ನನ್ನು ಎರಡು ವಾರ ಕಾಡಿದ ಸಂಗತಿ. ಎರಡನೇ ಮೇಜಿನಲ್ಲಿ ಫ್ಯಾನ್‌ಗಳೆಲ್ಲ ಸರಿ ದಿಕ್ಕಿನಲ್ಲಿದ್ದವು, ತೆರಪೂ ಸಾಕಷ್ಟಿತ್ತು, ಆದರೂ ಬಾಗಿಲು ಮುಚ್ಚಿದ ಕೂಡಲೇ ಉಷ್ಣಾಂಶ ಏರುತ್ತಿತ್ತು. ಕೊನೆಗೆ ಟಿಶ್ಯೂ ಕಾಗದದ ತೆಳು ಪಟ್ಟಿಯೊಂದನ್ನು ಹಿಡಿದು ಟ್ರೇ ಸುತ್ತ ಒಂದೊಂದೇ ಸಂದಿನ ಹತ್ತಿರ ತಂದೆ. ಮುಂದಿನ ಫ್ಯಾನ್‌ಗಳ ಎದುರು ಕಾಗದ ಒಳಕ್ಕೆ ಬಾಗಿತು, ಸರಿ. ಟ್ರೇ ಪಕ್ಕದ ಸಂದಿಗೆ ತಂದಾಗ ಅದು ನನ್ನ ಕಡೆಗೆ, ಅಂದರೆ ಮುಂದಕ್ಕೆ ಹಾರಾಡಿತು. ಚಾನೆಲ್‌ಗಾಗಿ ಬಿಟ್ಟ 12.7 ಮಿ.ಮೀ. ಸಂದಿನಿಂದ ಒಳಗಿನ ಬಿಸಿಗಾಳಿ ಮುಂದಕ್ಕೆ ಬಂದು ಮತ್ತೆ ಅದೇ ಫ್ಯಾನ್‌ಗಳ ಬಾಯಿಗೆ ಬೀಳುತ್ತಿತ್ತು. ಸಂದು ಕಣ್ಣಿಗೆ ಏನೂ ಅಲ್ಲ. ಆದರೆ 220 ಮಿ.ಮೀ. ಎತ್ತರದ ಸಂದು ಎರಡು ಕಡೆ ಸೇರಿದರೆ 56 ಚದರ ಸೆಂ.ಮೀ., ಒಂದು ಫ್ಯಾನಿನ ಅರ್ಧ ಬಾಯಿ! ಬಾಗಿಲ ಸಂದಿಗೆ ಅಂಟಿಸುವ ಮೆತ್ತನೆಯ ಫೋಮ್ ಪಟ್ಟಿಯನ್ನು ಟ್ರೇಯ ಮುಂದಿನ ಹಲಗೆಯ ಎರಡೂ ಅಂಚಿಗೆ, ಮೇಲಂಚಿಗೆ ಅಂಟಿಸಿದೆ. ಟ್ರೇ ಒಳಗೆ ತಳ್ಳಿದಾಗ ಅದು ಒತ್ತಿಕೊಂಡು ಗೋಡೆಯಾಗುತ್ತದೆ. ಅಂದೇ ಸಂಜೆ ಸಿಪಿಯು ಉಷ್ಣಾಂಶ 9 ಡಿಗ್ರಿ ಇಳಿಯಿತು. ಫ್ಯಾನ್ ಹೆಚ್ಚಿಸುವ ಮೊದಲು ಸಂದು ಮುಚ್ಚಿ.

ಹಿಂದಿನ ಹಲಗೆಗೂ ಗೋಡೆಗೂ ನಡುವೆ 10 ಸೆಂ.ಮೀ. ಬಿಡಿ. ಗೋಡೆಗೆ ತಾಗಿಸಿದರೆ ಬಿಸಿಗಾಳಿ ಕೆಳಗಿಳಿದು, ಎತ್ತರಿಸಿಟ್ಟ ತಳದಡಿಯಿಂದ ಮತ್ತೆ ಮುಂದಿನ ಸೀಳಿಗೆ ಬರುತ್ತದೆ.

ಯಾವ ಹಲಗೆ

ಟ್ರೇಗೂ ಖಾನೆಗೂ 18 ಮಿ.ಮೀ. ಪ್ಲೈವುಡ್ ಬಳಸಿ. ಗಟ್ಟಿ ಮರ ಋತು ಬದಲಾದಂತೆ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಹೆಚ್ಚು ಅಲುಗುವುದಿಲ್ಲ. ಬಾಗಿಲಿಗೆ, ಮೇಲ್ಹಲಗೆಗೆ ಗಟ್ಟಿ ಮರ ಇರಲಿ, ಅಂದ ಅಲ್ಲಿ ಬೇಕು. ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಎಂಡಿಎಫ್ ಹಲಗೆ ನನಗೆ ಒಗ್ಗುವುದಿಲ್ಲ: ಅಂಚಿಗೆ ಹಾಕಿದ ಸ್ಕ್ರೂ ನಾಲ್ಕು ಸಲ ಬಿಚ್ಚಿ ಹಾಕಿದರೆ ಸಡಿಲ, ನೀರು ತಾಗಿದರೆ ಊದಿಕೊಳ್ಳುತ್ತದೆ, ಕೊಯ್ಯುವಾಗ ಏಳುವ ದೂಳು ಹಿಟ್ಟಿನಂತೆ ನುಣುಪು. ಯಾವ ಹಲಗೆ ಕೊಯ್ದರೂ ಮಾಸ್ಕ್ ಹಾಕಿಕೊಳ್ಳಿ.

ಕೊಯ್ಯುವ, ಕೊರೆಯುವ, ಉಜ್ಜುವ ಕೆಲಸವೆಲ್ಲ ಮುಗಿದು, ಖಾನೆಯನ್ನು ವ್ಯಾಕ್ಯೂಮ್‌ನಿಂದ ಎಳೆದು, ಒರೆಸಿದ ಮೇಲೆಯೇ ಎಲೆಕ್ಟ್ರಾನಿಕ್ ಭಾಗಗಳು ಆ ಕೋಣೆಗೆ ಬರಲಿ. ‘ಇದೊಂದು ತೂತು ಮಾತ್ರ’ ಎಂದು ಬೋರ್ಡ್ ಇರುವಾಗಲೇ ಡ್ರಿಲ್ ಹಿಡಿಯಬೇಡಿ. ಮರದ ಪುಡಿ ಸಾಕೆಟ್ಟಿನೊಳಗೆ ಹೋದರೆ ತೆಗೆಯುವುದು ಕಷ್ಟ, ಲೋಹದ ಚೂರು ಹೋದರೆ ಶಾರ್ಟ್.

ಫ್ಯಾನ್ ತೂತಿನ ಅಳತೆ: 120 ಮಿ.ಮೀ. ಫ್ಯಾನಿಗೆ 115 ಮಿ.ಮೀ. ವ್ಯಾಸ, ಸ್ಕ್ರೂ ತೂತುಗಳ ನಡುವೆ 105. 140ರ ಫ್ಯಾನಿಗೆ ಸ್ಕ್ರೂ ಅಂತರ 124.5. ಫ್ಯಾನ್ ಜೊತೆ ಬರುವ ಗಿಡ್ಡ ಸ್ಕ್ರೂ ತಗಡಿಗೆ ಮಾಡಿದ್ದು, ಹಲಗೆಗೆ ಸಾಲದು. 18ರ ಹಲಗೆ, 25ರ ಫ್ಯಾನ್ ಸೇರಿ 43 ಆಗುವುದರಿಂದ 50 ಮಿ.ಮೀ. ಉದ್ದದ ಎಂ4 ಬೋಲ್ಟು, ನಟ್ಟು ತನ್ನಿ. ದಪ್ಪ ಹಲಗೆಯಲ್ಲಿ ತೂತಿನ ಅಂಚು ಚೂಪಾಗಿದ್ದರೆ ಗಾಳಿ ಅಲ್ಲಿ ಸೀಟಿ ಹೊಡೆಯುತ್ತದೆ. ಗಾಳಿ ಒಳಬರುವ ಕಡೆಯ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿ.

ಒಳಮೈಗೂ ವಾರ್ನಿಷ್ ಕೊಡಿ, ದೂಳು ಒರೆಸಲು ಸುಲಭ. ಆದರೆ ಮುಟ್ಟಿದರೆ ಒಣಗಿದಂತೆ ಕಂಡರೂ ಅದು ಒಳಗೆ ಗಟ್ಟಿಯಾಗಲು ವಾರಗಳೇ ಬೇಕು. ಆತುರಪಟ್ಟರೆ ಬಿಸಿಗೆ ವಾಸನೆ ಬಿಡುತ್ತಲೇ ಇರುತ್ತದೆ.

ಟ್ರೇ ಮತ್ತು ಲೋಹದ ಪ್ಲೇಟ್

ಮದರ್‌ಬೋರ್ಡನ್ನು ಮರಕ್ಕೆ ನೇರವಾಗಿ ಸ್ಕ್ರೂ ಮಾಡಬಾರದು. ಮರ ಅಲುಗಿದಂತೆ ಬೋರ್ಡ್ ಬಾಗುತ್ತದೆ. ತೇವ ಹೀರಿದ ಮರ ಒಳ್ಳೆಯ ಇನ್ಸುಲೇಟರೂ ಅಲ್ಲ. ನಡುವೆ ಲೋಹದ ಪ್ಲೇಟ್ ಇರಲೇಬೇಕು.

ಇದಕ್ಕೆ ಅತ್ಯಂತ ಸುಲಭದ ದಾರಿ ಒಂದು ಹಳೆಯ ಕಂಪ್ಯೂಟರ್ ಕೇಸ್. ಅದರಲ್ಲಿ ಮದರ್‌ಬೋರ್ಡ್ ಕೂರುವ ತಗಡು, ಹಿಂದಿನ ಪೋರ್ಟ್‌ಗಳ ಕಿಟಕಿ, ಕಾರ್ಡ್ ಸ್ಕ್ರೂ ಮಾಡುವ ಪಟ್ಟಿ ಮೂರೂ ಒಂದಕ್ಕೊಂದು ಸರಿಯಾದ ಅಳತೆಯಲ್ಲಿ ಇರುತ್ತವೆ. ರಿವೆಟ್‌ಗಳ ತಲೆಯನ್ನು ಡ್ರಿಲ್‌ನಿಂದ ಕೊರೆದು ಹಾರಿಸಿ, ಈ ಮೂರೂ ಇರುವ ಭಾಗವನ್ನು ಒಂದೇ ತುಂಡಾಗಿ ಉಳಿಸಿಕೊಳ್ಳಿ. ಅಂಚುಗಳನ್ನು ಅರದಿಂದ ಉಜ್ಜಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಅದನ್ನು ಟ್ರೇ ಮೇಲೆ ಆರು ಸ್ಕ್ರೂಗಳಲ್ಲಿ ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ನಾನು ಮೊದಲು 2 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ತಂದು ಒಂದೊಂದೇ ತೂತು ಗುರುತಿಸಿ ಕೊರೆದೆ. ಬೋರ್ಡ್ ಕೂತಿತು, ಆದರೆ ಗ್ರಾಫಿಕ್ಸ್ ಕಾರ್ಡಿನ ಬ್ರಾಕೆಟ್ ಒಂದೂವರೆ ಮಿ.ಮೀ. ತಪ್ಪಿ ಸ್ಲಾಟಿಗೆ ಓರೆಯಾಗಿ ನಿಂತಿತು. ಅಷ್ಟು ಓರೆ ಸಾಕು ಕಾರ್ಡ್ ಪತ್ತೆಯಾಗದಿರಲು.

ಬೋರ್ಡ್ ಮಲಗಿರುವುದರಿಂದ ಒಂದು ಲಾಭವಿದೆ: ಭಾರದ ಕೂಲರಾಗಲಿ ಕಾರ್ಡಾಗಲಿ ನೇತಾಡುವುದಿಲ್ಲ, ನೇರವಾಗಿ ನಿಲ್ಲುತ್ತದೆ. ಎತ್ತರ ಸಾಲದೆ ಕಾರ್ಡನ್ನು ಮಲಗಿಸಲೇಬೇಕಾದರೆ ಕಾರ್ಡನ್ನು ದೂರದಿಂದ ಸ್ಲಾಟಿಗೆ ಜೋಡಿಸುವ ರೈಸರ್ ಕೇಬಲ್ ಬೇಕಾಗುತ್ತದೆ. ಕೇಬಲ್ ಪಿಸಿಐಇ (ಕಾರ್ಡಿನ ಸ್ಲಾಟ್ ಪಾಲಿಸುವ ಮಾನದಂಡ) 3ನೇ ತಲೆಮಾರಿನದಾಗಿ ಬೋರ್ಡ್, ಕಾರ್ಡ್ 4ನೆಯದಾಗಿದ್ದರೆ ಪರದೆ ಕಪ್ಪಾಗುವುದು, ನಡುವೆ ನಿಲ್ಲುವುದು ಶುರುವಾಗುತ್ತದೆ. ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಆ ಸ್ಲಾಟನ್ನು 3ನೇ ತಲೆಮಾರಿಗೆ ಇಳಿಸಿ ಇಡಿ.

ಚಾನೆಲ್ ಪೂರ್ತಿ ಹೊರಗೆ ಬರುವಂಥದ್ದೇ ಆಗಿರಲಿ. ಮುಕ್ಕಾಲು ಮಾತ್ರ ಬರುವಂಥದ್ದಾದರೆ ಹಿಂದಿನ ಪೋರ್ಟ್‌ಗಳು ಖಾನೆಯೊಳಗೇ ಉಳಿದು, ಟ್ರೇ ಮಾಡಿದ ಉದ್ದೇಶವೇ ಕೆಡುತ್ತದೆ.

ಕರೆಂಟು ಮತ್ತು ಅರ್ಥಿಂಗ್

ಈ ಭಾಗವನ್ನು ಎರಡು ಸಲ ಓದಿ. ತಗಡಿನ ಕೇಸಿನಲ್ಲಿ ಎಸ್‌ಎಂಪಿಎಸ್ ಮೈ ಕೇಸಿಗೆ ತಾಗಿ, ಕೇಸ್ ಪೂರ್ತಿ ಮೂರನೇ ಪಿನ್ನಿನ ಮೂಲಕ ಅರ್ಥ್ ಆಗಿರುತ್ತದೆ. ಮರದ ಟ್ರೇಯಲ್ಲಿ ಎಸ್‌ಎಂಪಿಎಸ್ ಒಂದು ಕಡೆ, ಬೋರ್ಡಿನ ಪ್ಲೇಟ್ ಒಂದು ಕಡೆ. ಬೋರ್ಡಿನ ಸ್ಕ್ರೂಗಳ ಮೂಲಕ ಪ್ಲೇಟಿಗೆ ಅರ್ಥ್ ಸಿಗುತ್ತದೆ ನಿಜ, ಆದರೆ ಅದೊಂದನ್ನೇ ನಂಬಬೇಡಿ. ಎಸ್‌ಎಂಪಿಎಸ್ ಕೂರಿಸುವ ಸ್ಕ್ರೂ ಒಂದಕ್ಕೆ ರಿಂಗ್ ಟರ್ಮಿನಲ್ ಹಾಕಿದ ದಪ್ಪ ವೈರ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪ್ಲೇಟಿಗೆ ಬೋಲ್ಟ್ ಮಾಡಿ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆಯಿರಿ. ಬಣ್ಣದ ಮೇಲೆ, ಅನೋಡೈಸ್ ಮಾಡಿದ (ಆಕ್ಸೈಡ್ ಪದರ ಕೂರಿಸಿದ) ಅಲ್ಯೂಮಿನಿಯಂ ಮೇಲೆ ಕರೆಂಟು ಹರಿಯುವುದಿಲ್ಲ. ಆಮೇಲೆ ಪವರ್ ಕಾರ್ಡನ್ನು ಗೋಡೆಯಿಂದ ಬಿಚ್ಚಿಟ್ಟುಕೊಂಡು, ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ಅರ್ಥ್ ಪಿನ್ನಿಗೆ, ಇನ್ನೊಂದು ಪ್ಲೇಟಿಗೆ ತಾಗಿಸಿ. ಬೀಪ್ ಬಂದರೆ ಸರಿ. ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿ.

ಎಸ್‌ಎಂಪಿಎಸ್ಸನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ. ಅದರ ಗಾಳಿಯ ಬಾಯಿ ಹಲಗೆಗೆ ಎದುರಾಗಿ ಕೂರದಂತೆ ನೋಡಿ.

ಮರದ ಪೆಟ್ಟಿಗೆಗೆ ರೇಡಿಯೋ ಅಲೆ ತಡೆಯುವ ಗುಣವಿಲ್ಲವೆಂದು ಕೆಲವರು ಒಳಗೆಲ್ಲ ಅಡುಗೆ ಫಾಯಿಲ್ ಅಂಟಿಸುತ್ತಾರೆ. ಬೇಡ. ಬಿಸಿಗೆ ಅಂಟು ಬಿಟ್ಟು ಅದೊಂದು ಮೂಲೆ ಬೋರ್ಡಿನ ಮೇಲೆ ಬಿದ್ದರೆ ಮುಗಿಯಿತು. ವೈ-ಫೈ ಆಂಟೆನಾವನ್ನು ಪ್ಲೇಟಿನ ಹಿಂದೆ ಮರೆಯಾಗಿಸದೆ, ತಂತಿ ಉದ್ದ ಮಾಡಿ ಮೇಜಿನ ಹಿಂಬದಿಗೆ ತನ್ನಿ.

ಪವರ್ ಬಟನ್ ಕೂರಿಸುವುದು ಈ ಕೆಲಸದ ಖುಷಿಯ ಭಾಗ. ಮದರ್‌ಬೋರ್ಡಿನ ಎರಡು ಪಿನ್ ಒಂದು ಕ್ಷಣ ಕೂಡಿದರೆ ಸಾಕು ಕಂಪ್ಯೂಟರ್ ಏಳುತ್ತದೆ, ಆ ತಂತಿಯಲ್ಲಿ ಇರುವುದು ಅತಿ ಕಡಿಮೆ ವೋಲ್ಟೇಜ್. 16 ಅಥವಾ 19 ಮಿ.ಮೀ. ತೂತಿನ ಲೋಹದ ಬಟನ್‌ಗಳು ಮರದ ಮೇಲೆ ಚೆನ್ನಾಗಿ ಕಾಣುತ್ತವೆ. ಒತ್ತಿದಾಗ ಮಾತ್ರ ಕೂಡಿ, ಬಿಟ್ಟಾಗ ತೆರೆದುಕೊಳ್ಳುವ ಬಗೆಯದನ್ನೇ ಕೇಳಿ. ಒತ್ತಿದರೆ ಒಳಗೇ ಉಳಿಯುವಂಥದ್ದಾದರೆ ಕಂಪ್ಯೂಟರ್ ಹೊತ್ತಿ ನಾಲ್ಕು ಸೆಕೆಂಡಿಗೆ ಆರಿಹೋಗುತ್ತದೆ, ಏಕೆಂದರೆ ಬಟನ್ ಒತ್ತಿ ಹಿಡಿಯುವುದು ಬಲವಂತದಿಂದ ಆರಿಸುವ ಆಜ್ಞೆ. ನಾನು ಬಟನ್ನನ್ನು ಮೇಲ್ಹಲಗೆಯ ಅಂಚಿನ ಅಡಿಯಲ್ಲಿ ಕೂರಿಸಿದೆ, ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.

ಕೇಬಲ್‌ಗಳು ಹಿಂದಿನ ಹಲಗೆಯ 60 ಮಿ.ಮೀ. ತೂತಿನಿಂದ ಹೊರಗೆ ಬಂದು, ಮೇಜಿನ ಬೆನ್ನ ಹಿಂದೆ ಜೋಲಿಯಂತೆ ತೂಗಲಿ. ಟ್ರೇ ಎಷ್ಟು ಹೊರಗೆ ಬರುತ್ತದೋ ಅದಕ್ಕಿಂತ ಒಂದು ಗೇಣು ಹೆಚ್ಚು ಸಡಿಲ ಇಡಿ. ತೂತಿನ ಅಂಚಿಗೆ ರಬ್ಬರ್ ಬಳೆ ಹಾಕಿ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಒಂದು ಮೀಟರಿಗಿಂತ ಉದ್ದ ಇರಬಾರದು, ಹಾಗಾಗಿ ಡಿಸ್ಕ್‌ಗಳೂ ಟ್ರೇ ಮೇಲೆಯೇ ಇರಲಿ.

ಸದ್ದು

ಮೇಲ್ಹಲಗೆ ಎಂದರೆ ತಂಬೂರಿಯ ಬುರುಡೆ ಇದ್ದ ಹಾಗೆ. ಕೆಳಗೆ ಏನು ಮಿಡಿದರೂ ದೊಡ್ಡದಾಗಿ ಕೇಳಿಸುತ್ತದೆ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸಲ ತಿರುಗುತ್ತದೆ, ಆ ಗುಂಯ್‌ಗಾಟ ಮೇಜಿನ ಮೇಲಿಟ್ಟ ಮೊಣಕೈಗೇ ತಿಳಿಯುತ್ತದೆ. ಸಾಧ್ಯವಾದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಮಾತ್ರ ಬಳಸಿ. ಹಾರ್ಡ್ ಡಿಸ್ಕ್ ಬೇಕೇ ಬೇಕೆಂದರೆ ಅದನ್ನು ಸ್ಕ್ರೂ ಮಾಡದೆ ರಬ್ಬರ್ ಅಥವಾ ಫೋಮ್ ಮೇಲೆ ಕೂರಿಸಿ. ಫ್ಯಾನ್‌ಗಳಿಗೂ ಹಲಗೆಗೂ ನಡುವೆ ರಬ್ಬರ್ ವಾಷರ್ ಇರಲಿ.

ಜೋಡಣೆ ಮತ್ತು ಪರೀಕ್ಷೆ

ಮೊದಲು ಎಲ್ಲ ಭಾಗಗಳನ್ನೂ ಮೇಜಿನ ಮೇಲೆ, ರಟ್ಟಿನ ಮೇಲಿಟ್ಟು ಜೋಡಿಸಿ ಓಡಿಸಿ. ದೋಷವಿರುವ ರ‍್ಯಾಮ್ ಕಡ್ಡಿಯನ್ನು ಮೇಜಿನೊಳಗೆ ಬಾಗಿ ಹುಡುಕುವುದಕ್ಕಿಂತ ಇಲ್ಲಿ ಹುಡುಕುವುದು ಸುಲಭ. ಇದೇ ಹೊತ್ತಿನಲ್ಲಿ ಜೋರು ಕೆಲಸ ಕೊಟ್ಟು ಅರ್ಧ ಗಂಟೆ ಓಡಿಸಿ, ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಮತ್ತು ಕೋಣೆಯ ಉಷ್ಣಾಂಶ ಬರೆದಿಟ್ಟುಕೊಳ್ಳಿ. ಮುಂದೆ ಮೇಜು ಹೇಗಿದೆ ಎಂದು ತೂಗಲು ಇದೇ ನಿಮ್ಮ ತಕ್ಕಡಿ.

ಆಮೇಲೆ ಟ್ರೇಗೆ ಸಾಗಿಸಿ, ಅರ್ಥ್ ಪರೀಕ್ಷಿಸಿ, ಟ್ರೇ ಹೊರಗೆಳೆದ ಸ್ಥಿತಿಯಲ್ಲಿ ಒಮ್ಮೆ ಓಡಿಸಿ. ಕೊನೆಗೆ ಒಳಗೆ ತಳ್ಳಿ, ಬಾಗಿಲು ಮುಚ್ಚಿ, ಅದೇ ಕೆಲಸ, ಅದೇ ಅರ್ಧ ಗಂಟೆ. ಮರ ನಿಧಾನಕ್ಕೆ ಬಿಸಿಯಾಗುವುದರಿಂದ ಇಲ್ಲಿ ಇನ್ನೊಂದು ಅರ್ಧ ಗಂಟೆ ಹೆಚ್ಚು ಕಾಯಿರಿ. ತೆರೆದಿಟ್ಟಾಗಿನದಕ್ಕೂ ಇದಕ್ಕೂ ಐದಾರು ಡಿಗ್ರಿ ವ್ಯತ್ಯಾಸವಿದ್ದರೆ ನಾನು ತೃಪ್ತಿಪಡುತ್ತೇನೆ. ಹತ್ತು ದಾಟಿದರೆ ಟಿಶ್ಯೂ ಪಟ್ಟಿ ಹಿಡಿದು ಸಂದು ಹುಡುಕುತ್ತೇನೆ. ಮೇಲ್ಹಲಗೆಯನ್ನು, ಮೇಲಿನ ಡ್ರಾಯರಿನ ತಳವನ್ನು ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿ ಎನ್ನಿಸಿದರೆ ಗಾಳಿ ಸಾಲದು. ಗಾಳಿ ಸರಿಯಾಗುವ ತನಕ ಯಾರೂ ಇಲ್ಲದಾಗ ಅದನ್ನು ಓಡಿಸಿಟ್ಟು ಹೋಗಬೇಡಿ.

ತಳದ ಜಾಲರಿಯ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಒದರಿ. ಅದು ನೆಲಕ್ಕೆ ಹತ್ತಿರ ಇರುವುದರಿಂದ ಸಾಮಾನ್ಯ ಕೇಸಿಗಿಂತ ಬೇಗ ದೂಳು ಹಿಡಿಯುತ್ತದೆ. ಅಯಸ್ಕಾಂತದಿಂದ ಅಂಟುವ ಫಿಲ್ಟರ್ ಆದರೆ ಬಗ್ಗಿ ಸ್ಕ್ರೂ ಬಿಚ್ಚುವ ಕಷ್ಟವಿಲ್ಲ.

ಬಾಗಿಲಿನ ಒಳಮೈಗೆ ಒಂದು ಕಾಗದ ಅಂಟಿಸಿ. ಖಾನೆಯ ಒಳ ಅಳತೆ, ಟ್ರೇ ಅಳತೆ, ಯಾವ ಫ್ಯಾನ್ ಯಾವ ದಿಕ್ಕಿಗೆ ಬೀಸುತ್ತದೆ ಎಂಬುದರ ಬಾಣದ ಗುರುತು, ಪವರ್ ಬಟನ್ನಿನ ತಂತಿಯ ಬಣ್ಣ, ಮೊದಲ ದಿನದ ಉಷ್ಣಾಂಶ, ತಾರೀಖು. ನನ್ನ ಮೇಜಿನ ಆ ಕಾಗದದಲ್ಲಿ ಈಗ ಮೂರನೇ ಕಂಪ್ಯೂಟರಿನ ಅಂಕಿಗಳಿವೆ, ಟ್ರೇ ಮಾತ್ರ ಅದೇ ಹಳೆಯದು, ಮೇಲಿನ ಡ್ರಾಯರಿನಲ್ಲಿ ಬಣ್ಣದ ಕಡ್ಡಿಗಳೂ ಮತ್ತೆ ಬಂದಿವೆ.